ಸಾಧನಕ್ಕೆ ವೃತ್ತಿ: ಗಣಕಯುಗದಲ್ಲಿ ವೈಯಾಕರಣನ ಕೆಲಸ

'ಕೊಡಲಿಯಿಂದ ಮರವನ್ನು ಕಡಿದನು' ಎಂಬ ವಾಕ್ಯದಲ್ಲಿ ಕೊಡಲಿ ಕರಣಕಾರಕವೆಂಬುದು ವ್ಯಾಕರಣದ ಮೊದಲ ಪಾಠಗಳಲ್ಲೊಂದು. ಕರ್ತೃವಿಗೆ ಕೊಡಲಿಯ ಪರಿಚಯ ಇದ್ದೇ ಇದೆಯೆಂದು ಈ ವಾಕ್ಯ ಭಾವಿಸಿಕೊಂಡಿದೆ. ಆದರೆ ಕರ್ತೃವು ಕೊಡಲಿಯನ್ನು ಎಂದೂ ಕಾಣದವನಾಗಿದ್ದು, ಅದರ ವಿಷಯವಾಗಿ ಬರೆದಿಟ್ಟ ನಾಲ್ಕು ಸಾಲುಗಳನ್ನು ಮಾತ್ರ ಓದಬಲ್ಲವನಾಗಿದ್ದರೆ ಆಗುವುದೇನು? ಇಂದು 'ಕೃತಕ ಬುದ್ಧಿಮತ್ತೆಯ ಏಜೆಂಟ್' ಎಂದು ಕರೆಯಲಾಗುತ್ತಿರುವ ತಂತ್ರಾಂಶದ ಸ್ಥಿತಿ ಇದೇ ಆಗಿದೆ. ಈ ಸ್ಥಿತಿಯು ಕನ್ನಡ ಅಧ್ಯಯನಕ್ಕೆ ಹೇಗೆ ಸಂಬಂಧಿಸಿದ್ದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಏಜೆಂಟು ಕೇವಲ ಉತ್ತರ ಹೇಳುವ ಯಂತ್ರವಲ್ಲ. ಬೇರೆ ತಂತ್ರಾಂಶಗಳನ್ನು ಸಾಧನಗಳಾಗಿ ಬಳಸಿ ಕೆಲಸವನ್ನು ಮಾಡಿ ಮುಗಿಸುವಂಥದು. ಪ್ರತಿಯೊಂದು ಸಾಧನದ ಹೆಸರು, ಅದರ ವಿವರಣೆ, ಅದಕ್ಕೆ ಒದಗಿಸಬೇಕಾದ ಸಾಮಗ್ರಿಯ ಸ್ವರೂಪ ಇಷ್ಟನ್ನು ಬರಹರೂಪದಲ್ಲಿ ಅದರ ಮುಂದಿಡಲಾಗುತ್ತದೆ. ಯಾವ ಸಾಧನವನ್ನು ಯಾವಾಗ ಕರೆಯಬೇಕೆಂಬುದನ್ನು ಅದು ಮುಖ್ಯವಾಗಿ ಈ ಬರಹದಿಂದಲೇ ನಿರ್ಣಯಿಸುತ್ತದೆ. ಸಾಧನಗಳನ್ನು ಏಜೆಂಟುಗಳಿಗೆ ಒದಗಿಸುವ ಕ್ರಮವನ್ನು ಏಕರೂಪಗೊಳಿಸಲೆಂದು 2024ರ ನವೆಂಬರಿನಲ್ಲಿ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್' ಎಂಬ ಒಡಂಬಡಿಕೆ ಪ್ರಕಟವಾಯಿತು. ಒಡಂಬಡಿಕೆಯು ವಿವರಣೆಗೆ ಸ್ಥಾನವನ್ನು ಕಲ್ಪಿಸಿದೆ. ವಿವರಣೆಯನ್ನು ಸ್ಪಷ್ಟವಾಗಿ ಬರೆಯುವ ಹೊಣೆ ಮನುಷ್ಯನದೇ.

ಹೈದರಾಬಾದಿನ ನಮಗೆ ಈ ಸಮಸ್ಯೆ ಸಂಪೂರ್ಣ ಹೊಸದೇನಲ್ಲ. ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮೊದಲಾದವರು ಕಾನ್ಪುರದ ಐಐಟಿಯಲ್ಲಿ ಆರಂಭಿಸಿದ 'ಅನುಸಾರಕ' ಯೋಜನೆ 1990ರ ದಶಕದಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಮುಂದುವರಿಯಿತು. ಪಾಣಿನೀಯ ಕಾರಕ ಸಿದ್ಧಾಂತವನ್ನು ಗಣಕಕ್ಕೆ ಅಳವಡಿಸಿದ ಈ ತಂಡ ಕೈಗೆತ್ತಿಕೊಂಡ ಭಾಷಾಯುಗ್ಮಗಳಲ್ಲಿ ಕನ್ನಡ–ಹಿಂದಿಯೂ ಒಂದು. ಅನುಸಾರಕವು ಸುಂದರವಾದ ಹಿಂದಿಯನ್ನು ಕೊಡುತ್ತೇನೆಂದು ಹೇಳಿಕೊಳ್ಳಲಿಲ್ಲ. ಮೂಲದ ಅರ್ಥಕ್ಕೆ ಲೋಪ ಬಾರದಂತೆ, ಅಗತ್ಯವಾದೆಡೆ ವಿಶೇಷ ಸಂಕೇತಗಳನ್ನು ಬಳಸಿ, ಉಳಿದ ಭಾರವನ್ನು ಓದುಗನಿಗೆ ಬಿಟ್ಟುಕೊಡುವುದು ಅದರ ಕ್ರಮವಾಗಿತ್ತು. 'ಬರೆದ ಹುಡುಗ', 'ಬರೆದ ಪತ್ರ', 'ಬರೆದ ಲೇಖನಿ' ಎಂಬಲ್ಲಿ 'ಬರೆದ' ಎಂಬ ಒಂದೇ ರೂಪ ಕ್ರಮವಾಗಿ ಕರ್ತೃ, ಕರ್ಮ, ಕರಣಗಳನ್ನು ವಿಶೇಷಿಸುತ್ತದೆ. ಹಿಂದಿಯಲ್ಲಿ ಇದಕ್ಕೆ ಸರಿಸಮನಾದ ಒಂದೇ ರೂಪವಿಲ್ಲ. ಇಂಥ ಕಡೆ ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಓದುಗ ಮೊದಲೇ ಅರಿತಿರಬೇಕಾಗಿತ್ತು. ಅಂದಿನ ಓದುಗ ಮನುಷ್ಯ. ಸಂಶಯ ಬಂದರೆ ಬಲ್ಲವರನ್ನು ಕೇಳಬಹುದಾಗಿತ್ತು. ಇಂದಿನ ಓದುಗನಾದ ಏಜೆಂಟು ಎಷ್ಟೋ ವೇಳೆ ಯಾರನ್ನೂ ಕೇಳದೆ ಮುಂದುವರಿಯುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಪದವಿಶ್ಲೇಷಕವೊಂದಕ್ಕೆ 'ಕನ್ನಡ ಪದಗಳನ್ನು ವಿಶ್ಲೇಷಿಸುತ್ತದೆ' ಎಂಬ ವಿವರಣೆಯಿದೆಯೆನ್ನಿ. ಸಾಧನ ರಚಿತವಾಗಿರುವುದು ಹೊಸಗನ್ನಡಕ್ಕೆ ಮಾತ್ರ. ಸಂಶೋಧಕರೊಬ್ಬರು ಹಳಗನ್ನಡ ಕಾವ್ಯದ ಪದಸೂಚಿಯನ್ನು ಸಿದ್ಧಪಡಿಸಲು ಏಜೆಂಟಿಗೆ ಒಪ್ಪಿಸುತ್ತಾರೆ. 'ಕಾಡಿನಲ್ಲಿ' ಎಂಬುದನ್ನು ಬಿಡಿಸಬಲ್ಲ ಸಾಧನ 'ಕಾಡೊಳ್' ಎಂಬುದಕ್ಕೆ ಬರಿದಾದ ಉತ್ತರ ಕೊಡುತ್ತದೆ. ಬರಿದು ಎಂದರೆ 'ಈ ರೂಪ ನನಗೆ ತಿಳಿಯದು' ಎಂದೋ, 'ಇದು ಕನ್ನಡ ಪದವೇ ಅಲ್ಲ' ಎಂದೋ? ವಿವರಣೆ ಮೌನವಾಗಿದ್ದರೆ ಏಜೆಂಟು ಎರಡನೆಯದನ್ನೇ ಗ್ರಹಿಸಿ, ಸಪ್ತಮಿಯ ರೂಪಗಳನ್ನೆಲ್ಲ ದೋಷವೆಂದು ಕೈಬಿಡಬಹುದು. ಸೂಚಿ ಅಚ್ಚುಕಟ್ಟಾಗಿ ಕಾಣುವುದರಿಂದ ತಪ್ಪು ಯಾರ ಕಣ್ಣಿಗೂ ಬೀಳದೆ ಪ್ರಬಂಧದೊಳಗೆ ಸೇರಿಬಿಡುತ್ತದೆ.

ಈ ವಿವರಣೆ ಹೇಗಿರಬೇಕಾಗಿತ್ತು? 'ಹೊಸಗನ್ನಡದ ಒಂದೊಂದೇ ಪದವನ್ನು ಪ್ರಕೃತಿ, ಪ್ರತ್ಯಯಗಳಾಗಿ ಬಿಡಿಸುತ್ತದೆ. ವಾಕ್ಯವನ್ನು ಕೊಡಬಾರದು. ಹಳಗನ್ನಡಕ್ಕೆ ಬಳಸಬಾರದು. ಉತ್ತರ ಬರಿದಾಗಿದ್ದರೆ ಪದವು ಕೋಶದಲ್ಲಿ ದೊರೆಯಲಿಲ್ಲವೆಂದಷ್ಟೇ ಅರ್ಥ. ಉದಾಹರಣೆ: ಮನೆಯಲ್ಲಿ – ಮನೆ, ಸಪ್ತಮೀ ವಿಭಕ್ತಿ, ಏಕವಚನ.'

ಈ ರಚನೆ ನಮಗೆ ಚಿರಪರಿಚಿತವಾದದ್ದೇ. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಸೂತ್ರವನ್ನು ಕಂದಪದ್ಯದಲ್ಲಿ ಹೇಳಿ, ವೃತ್ತಿಯಲ್ಲಿ ಬಿಡಿಸಿ, ಪ್ರಯೋಗಗಳಿಂದ ಸಮರ್ಥಿಸುತ್ತಾನೆ. ಸಾಧನದ ಹೆಸರು ಸೂತ್ರವಿದ್ದಂತೆ, ವಿವರಣೆಯೇ ವೃತ್ತಿ, ಉದಾಹರಣೆಯೇ ಪ್ರಯೋಗ. ಉತ್ಸರ್ಗವನ್ನು ಹೇಳಿ ಅಪವಾದವನ್ನು ಬಿಟ್ಟ ವ್ಯಾಕರಣ ಹೇಗೆ ಅಸಾಧು ರೂಪಗಳಿಗೆ ಎಡೆಗೊಡುತ್ತದೆಯೋ, ಮಿತಿಯನ್ನು ಹೇಳದ ವಿವರಣೆಯೂ ಹಾಗೆಯೇ ದುರ್ಬಳಕೆಗೆ ಎಡೆಗೊಡುತ್ತದೆ.

ಅಪವಾದದ ಮಹತ್ವವನ್ನು ತೋರಿಸಲು ಇನ್ನೊಂದು ನಿದರ್ಶನ ಸಾಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಆ ವಿನ್ಯಾಸಗಳಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಲಿಪಿಯ ಸಂಕೇತಸ್ಥಾನಗಳಲ್ಲಿ ಕುಳಿತಿರುತ್ತವೆ. ಆದ್ದರಿಂದ ಕಡತದ ನಡುವೆ ನಿಜವಾದ ಇಂಗ್ಲಿಷ್ ಪದವಿದ್ದರೆ, ಅದನ್ನು ಪ್ರತ್ಯೇಕಿಸದ ಪರಿವರ್ತಕ ಅದನ್ನೂ ಅರ್ಥಹೀನ ಕನ್ನಡಾಕ್ಷರಗಳನ್ನಾಗಿ ಮಾಡಿಬಿಡುತ್ತದೆ. ಮೂಲ ಕಡತದ ಮೇಲೆಯೇ ಬರೆಯುವ ಸಾಧನವಾದರೆ ಹಾನಿಯನ್ನು ಸರಿಪಡಿಸಲೂ ಆಗದು. 'ಇಂಗ್ಲಿಷ್ ಪದಗಳನ್ನು ಮೊದಲೇ ಪ್ರತ್ಯೇಕಿಸಬೇಕು. ಮೂಲ ಪ್ರತಿಯನ್ನು ಕಾಯ್ದಿಡಬೇಕು' ಎಂಬ ಎರಡು ವಾಕ್ಯಗಳು ಒಂದು ಸಂಗ್ರಹವನ್ನೇ ಉಳಿಸಬಲ್ಲವು.

ಹಾಗೆಂದು ವಿವರಣೆ ದೀರ್ಘವಾಗಬೇಕೆಂದಲ್ಲ. ಏಜೆಂಟಿನ ಮುಂದೆ ಹತ್ತಾರು ಸಾಧನಗಳ ವಿವರಣೆಗಳು ಒಟ್ಟಿಗೆ ಇರುವುದರಿಂದ ಅತಿವಿಸ್ತಾರವೂ ಗೊಂದಲಕ್ಕೆ ಕಾರಣವಾಗುತ್ತದೆ. ಸೂತ್ರಕಾರರು ಬಯಸಿದ ಅಲ್ಪಾಕ್ಷರತ್ವ ಮತ್ತು ಅಸಂದಿಗ್ಧತೆಗಳೆರಡೂ ಇಲ್ಲಿ ಒಟ್ಟಿಗೆ ಬೇಕು.

ತಂತ್ರಾಂಶವನ್ನು ರಚಿಸುವವನಿಗೆ ಹಳಗನ್ನಡ–ಹೊಸಗನ್ನಡಗಳ ಭೇದ ತಿಳಿದಿರಬೇಕೆಂದಿಲ್ಲ. ಅದನ್ನು ತಿಳಿದವರು ಕನ್ನಡ ವಿಭಾಗಗಳಲ್ಲಿದ್ದಾರೆ. ಆದ್ದರಿಂದ ಕನ್ನಡದ ಪ್ರತಿಯೊಂದು ಭಾಷಾಸಾಧನದ ವಿವರಣೆಯನ್ನೂ ವ್ಯಾಕರಣ ಬಲ್ಲವರೊಬ್ಬರು ಓದಿ ತಿದ್ದುವಂತಾಗಬೇಕು. ಸ್ನಾತಕೋತ್ತರ ತರಗತಿಯಲ್ಲಿ ಶಬ್ದಮಣಿದರ್ಪಣವನ್ನು ಓದುವ ವಿದ್ಯಾರ್ಥಿಯು ಇಂಥ ಒಂದು ಸಾಧನಕ್ಕೆ ವೃತ್ತಿಯನ್ನೂ ಪ್ರಯೋಗವನ್ನೂ ಬರೆಯುವ ಅಭ್ಯಾಸ ಮಾಡಿದರೆ, ಶಾಸ್ತ್ರಕ್ಕೂ ನಾಡಿಗೂ ಉಪಕಾರವಾದೀತು.