ಶಸ್ತ್ರಚಿಕಿತ್ಸೆಯ ಕ್ಯಾಮೆರಾ: ಎರಡು ಬೆಳಕಿನ ಸಮತೋಲನ

ಪಿತ್ತಕೋಶದ ಕಲ್ಲಿಗೆ ಮಾಡುವ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆ ಇಂದು ನಮ್ಮ ಕುಟುಂಬಗಳಿಗೆ ಅಪರಿಚಿತವೇನಲ್ಲ. ಅದರಲ್ಲಿ ವೈದ್ಯರನ್ನು ಕಾಡುವ ದೊಡ್ಡ ಆತಂಕವೆಂದರೆ ಪಿತ್ತನಾಳಕ್ಕೆ ಅರಿಯದೆ ಪೆಟ್ಟಾಗುವುದು. ಅದನ್ನು ತಪ್ಪಿಸಲು ನೆರವಾಗುವ ಬಣ್ಣವೇ ಇಂಡೋಸಯನೈನ್ ಗ್ರೀನ್. ಇದನ್ನು ರಕ್ತನಾಳಕ್ಕೆ ಚುಚ್ಚಿದಾಗ ಯಕೃತ್ತು ಪಿತ್ತರಸದೊಡನೆ ಹೊರಹಾಕುತ್ತದೆ. ಸುಮಾರು 800 ನ್ಯಾನೋಮೀಟರಿನ ಬೆಳಕು ಬಿದ್ದರೆ ಆ ಬಣ್ಣವು ಸುಮಾರು 830 ನ್ಯಾನೋಮೀಟರಿನಲ್ಲಿ, ಕಣ್ಣಿಗೆ ಕಾಣದ ಪ್ರಭೆಯನ್ನು ಬೀರುತ್ತದೆ. ಇದೇ ಪ್ರತಿದೀಪ್ತಿ.

ತೊಡಕಿರುವುದು ಇಲ್ಲಿಯೇ. ಬಿಳಿ ಬೆಳಕು ಪ್ರಖರ, ಪ್ರತಿದೀಪ್ತಿ ಕ್ಷೀಣ. ಅಂಗಾಂಗಗಳಿಗೆ ಹೊಂದುವ ಎಕ್ಸ್‌ಪೋಷರ್ ಇಟ್ಟರೆ ನಾಳ ಕತ್ತಲಲ್ಲಿ ಉಳಿಯುತ್ತದೆ. ನಾಳಕ್ಕಾಗಿ ಹೆಚ್ಚಿಸಿದರೆ ಉಳಿದುದೆಲ್ಲ ಬೆಳ್ಳಗಾಗಿ ವಿವರ ಅಳಿಯುತ್ತದೆ. ತೀರ ದೀರ್ಘವಾದರೆ ಉಸಿರಾಟದ ಅಲುಗಾಟಕ್ಕೆ ಚಿತ್ರವೇ ಮಸುಕಾಗುತ್ತದೆ. ಆದುದರಿಂದ ಕೆಲವು ಕ್ಯಾಮೆರಾಗಳು ಪ್ರಿಸಂ ಮೂಲಕ ಎರಡು ಬೆಳಕನ್ನೂ ಬೇರ್ಪಡಿಸಿ ಬೇರೆ ಬೇರೆ ಸೆನ್ಸರ್‌ಗಳಿಗೆ ಕಳುಹಿಸುತ್ತವೆ. ಇನ್ನು ಕೆಲವು, ಎರಡು ದೀಪಗಳನ್ನು ಸರದಿಯಂತೆ ಮಿನುಗಿಸಿ, ಒಂದೊಂದಕ್ಕೂ ತಕ್ಕ ಎಕ್ಸ್‌ಪೋಷರ್ ನೀಡಿ, ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸುತ್ತವೆ.

ಯಂತ್ರವು ಹೊಳಪನ್ನು ಅತಿಯಾಗಿ ಹೆಚ್ಚಿಸಿದರೆ ಯಕೃತ್ತಿನ ಹೊಳಪೇ ನಾಳವನ್ನು ಮರೆಮಾಡಬಹುದು. ಪರದೆಯ ಮೇಲಿನ ಹೊಳಪು ವೈದ್ಯರ ಅನುಭವಕ್ಕೆ ನೆರವೇ ಹೊರತು ಬದಲಿಯಲ್ಲ. ಈ ಬಣ್ಣದ ಕೆಲವು ತಯಾರಿಕೆಗಳಲ್ಲಿ ಅಯೋಡೈಡ್ ಇರುವುದರಿಂದ, ನಮ್ಮ ಮನೆಯವರಿಗೆ ಅಯೋಡಿನ್ ಅಲರ್ಜಿ ಇದ್ದರೆ ಮುಂಚಿತವಾಗಿ ವೈದ್ಯರಿಗೆ ತಿಳಿಸುವುದು ಒಳಿತು.