400 ಸ್ಥಾನಗಳಿಂದ ಆಗದ್ದು ಸಹಮತದಿಂದ ಆಯಿತು: ಪಂಚಾಯತ್ ರಾಜ್ ತಿದ್ದುಪಡಿಯ ಪಾಠ

ಗ್ರಾಮ ಪಂಚಾಯತಿಗೆ ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಬೇಕು, ಅದರಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನಗಳಿರಬೇಕು, ಗ್ರಾಮಸಭೆ ಇರಬೇಕು ಎಂಬುದು ಇಂದು ನಮಗೆಲ್ಲ ತಿಳಿದ ವಿಷಯ. ನಮ್ಮ ಓದುಗರಲ್ಲಿ ಪಂಚಾಯತ್ ಸದಸ್ಯರಾಗಿ ಸೇವೆ ಸಲ್ಲಿಸಿದವರೂ ಇದ್ದಾರೆ. ಆದರೆ 1993ಕ್ಕಿಂತ ಮೊದಲು ಇವು ಯಾವುದಕ್ಕೂ ಸಂವಿಧಾನದ ರಕ್ಷಣೆ ಇರಲಿಲ್ಲ. ರಾಜ್ಯ ಸರಕಾರ ಮನಸ್ಸು ಮಾಡಿದರೆ ಚುನಾವಣೆ, ಇಲ್ಲವಾದರೆ ವರ್ಷಗಟ್ಟಲೆ ಆಡಳಿತಾಧಿಕಾರಿಯ ಕಾರುಬಾರು. ಈ ಸ್ಥಿತಿಯನ್ನು ಬದಲಿಸಿದ್ದು ಸಂವಿಧಾನದ 73ನೇ ತಿದ್ದುಪಡಿ. ಅದು ಸಂಸತ್ತಿನಲ್ಲಿ ಒಮ್ಮೆ ಸೋತು ಮತ್ತೊಮ್ಮೆ ಗೆದ್ದದ್ದು ಹೇಗೆ ಎಂಬುದನ್ನು ತಿಳಿಯುವುದು ಇಂದಿಗೂ ಉಪಯುಕ್ತ.

ನಿಯಮವೇ ಸಹಮತವನ್ನು ಬೇಡುತ್ತದೆ

ಸಾಮಾನ್ಯ ಮಸೂದೆಗೆ ಸದನದಲ್ಲಿ ಹಾಜರಿದ್ದವರ ಸರಳ ಬಹುಮತ ಸಾಕು. ಸಂವಿಧಾನದ ತಿದ್ದುಪಡಿಗೆ ಹಾಗಲ್ಲ. 368ನೇ ವಿಧಿಯ ಪ್ರಕಾರ ಲೋಕಸಭೆ ಮತ್ತು ರಾಜ್ಯಸಭೆ ಎರಡರಲ್ಲೂ ಪ್ರತ್ಯೇಕವಾಗಿ ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು ಮತ್ತು ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲ ಬೇಕು. ಎರಡು ಸದನಗಳ ನಡುವೆ ಭಿನ್ನಾಭಿಪ್ರಾಯ ಬಂದರೆ ಜಂಟಿ ಅಧಿವೇಶನ ಕರೆದು ತೀರ್ಮಾನಿಸುವ ದಾರಿಯೂ ಇಲ್ಲಿಲ್ಲ. ಕೆಲವು ವಿಷಯಗಳಿಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ವಿಧಾನಸಭೆಗಳ ಒಪ್ಪಿಗೆಯೂ ಅಗತ್ಯ. ದೇಶದ ಮೂಲ ಕಾನೂನನ್ನು ಒಂದೇ ಪಕ್ಷ ತನ್ನಿಷ್ಟದಂತೆ ಬದಲಿಸದಿರಲಿ ಎಂಬುದೇ ಇದರ ಹಿಂದಿನ ಆಶಯ.

1989ರ ಸೋಲು

1984ರ ಚುನಾವಣೆಯಲ್ಲಿ ರಾಜೀವ್ ಗಾಂಧಿಯವರ ಕಾಂಗ್ರೆಸ್ ಪಕ್ಷ ಲೋಕಸಭೆಯಲ್ಲಿ 400ಕ್ಕೂ ಹೆಚ್ಚು ಸ್ಥಾನ ಗಳಿಸಿತ್ತು. 1989ರ ಮೇ ತಿಂಗಳಲ್ಲಿ ಅವರ ಸರಕಾರ ಪಂಚಾಯತ್‌ಗಳಿಗೆ ಸಂವಿಧಾನದ ಸ್ಥಾನ ಕೊಡುವ 64ನೇ ತಿದ್ದುಪಡಿ ಮಸೂದೆಯನ್ನು ಮಂಡಿಸಿತು. ಮಹಿಳೆಯರಿಗೆ ಶೇ. 30 ಸ್ಥಾನ ಮೀಸಲಿಡುವ ಪ್ರಸ್ತಾವ ಅದರಲ್ಲಿತ್ತು. ಸ್ಥಳೀಯ ಸಂಸ್ಥೆಗಳಲ್ಲಿ ಇಂತಹ ಮೀಸಲಾತಿ ಬೇಕೆಂದು 1988ರ ರಾಷ್ಟ್ರೀಯ ಮಹಿಳಾ ಮುನ್ನೋಟ ಯೋಜನೆ ಶಿಫಾರಸು ಮಾಡಿತ್ತು. ಆಗ ಕೇಂದ್ರದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯ ಹೊಣೆ ಹೊತ್ತವರು ಮಂಗಳೂರಿನಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವ ಎಂಬುದನ್ನು ಕರಾವಳಿಯವರಾದ ನಾವು ಹೆಮ್ಮೆಯಿಂದ ನೆನೆಯಬಹುದು.

ಆಗಸ್ಟ್‌ನಲ್ಲಿ ಲೋಕಸಭೆ ಮಸೂದೆಗೆ ಒಪ್ಪಿಗೆ ನೀಡಿತು. ಆದರೆ ಬೋಫೋರ್ಸ್ ವಿವಾದದಿಂದಾಗಿ ವಿರೋಧ ಪಕ್ಷಗಳ ಬಹುತೇಕ ಸದಸ್ಯರು ಜುಲೈನಲ್ಲೇ ಲೋಕಸಭೆಗೆ ರಾಜೀನಾಮೆ ಕೊಟ್ಟಿದ್ದರು. ಅಕ್ಟೋಬರ್ 13ರಂದು ರಾಜ್ಯಸಭೆಯಲ್ಲಿ ಮತಕ್ಕೆ ಹಾಕಿದಾಗ ಕೆಲವೇ ಮತಗಳ ಕೊರತೆಯಿಂದ ಮಸೂದೆ ಬಿದ್ದುಹೋಯಿತು.

ವಿರೋಧಿಸಿದವರೆಲ್ಲ ಪಂಚಾಯತ್ ವಿರೋಧಿಗಳೇ? ಖಂಡಿತ ಅಲ್ಲ. ಪಶ್ಚಿಮ ಬಂಗಾಳದ ಎಡರಂಗ ಸರಕಾರ 1978ರಿಂದಲೇ ಪಂಚಾಯತ್ ಚುನಾವಣೆ ನಡೆಸುತ್ತಿತ್ತು. ಕರ್ನಾಟಕದಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರಕಾರ 1983ರಲ್ಲಿ ಹೊಸ ಕಾನೂನು ತಂದು, 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತ್ ಚುನಾವಣೆ ನಡೆಸಿ, ಮಹಿಳೆಯರಿಗೆ ಶೇ. 25 ಸ್ಥಾನ ಕೊಟ್ಟಿತ್ತು. ಅದರ ಹಿಂದಿನ ಶಕ್ತಿ ಸಚಿವ ಅಬ್ದುಲ್ ನಜೀರ್ ಸಾಬ್. ಇಂತಹ ಪಕ್ಷಗಳ ಆಕ್ಷೇಪ ಬೇರೆಯೇ ಆಗಿತ್ತು. ಪಂಚಾಯತ್ ರಾಜ್ಯದ ವಿಷಯ. ಅದರ ಚುನಾವಣೆಯನ್ನು ಕೇಂದ್ರ ಚುನಾವಣಾ ಆಯೋಗಕ್ಕೂ ಲೆಕ್ಕ ಪರಿಶೋಧನೆಯನ್ನು ಸಿಎಜಿಗೂ ಒಪ್ಪಿಸುವುದು ರಾಜ್ಯಗಳನ್ನು ಬದಿಗೆ ಸರಿಸುವ ಉಪಾಯ ಎಂದು ಅವು ಶಂಕಿಸಿದವು. ಲೋಕಸಭಾ ಚುನಾವಣೆ ಹತ್ತಿರ ಬಂದದ್ದೂ ಶಂಕೆಯನ್ನು ಬಲಪಡಿಸಿತು.

ಅಲ್ಪಮತದ ಸರಕಾರದ ಗೆಲುವು

1990ರಲ್ಲಿ ವಿ.ಪಿ. ಸಿಂಗ್ ಸರಕಾರ ಮುಖ್ಯಮಂತ್ರಿಗಳ ಜತೆ ಚರ್ಚಿಸಿ ಇನ್ನೊಂದು ಮಸೂದೆ ತಂದಿತು. ಸರಕಾರ ಉರುಳಿದ ಕಾರಣ ಅದು ಮುಂದೆ ಸಾಗಲಿಲ್ಲ. 1991ರಲ್ಲಿ ಬಂದ ಪಿ.ವಿ. ನರಸಿಂಹ ರಾವ್ ಅವರ ಸರಕಾರಕ್ಕೆ ಲೋಕಸಭೆಯಲ್ಲಿ ಸ್ವಂತ ಬಹುಮತವೂ ಇರಲಿಲ್ಲ. ಕೇಳಿ ನಡೆಯದೆ ಅದಕ್ಕೆ ಬೇರೆ ದಾರಿಯಿರಲಿಲ್ಲ. ಅದು ಮಂಡಿಸಿದ ಮಸೂದೆಯನ್ನು ನಾಥುರಾಮ್ ಮಿರ್ಧಾ ಅಧ್ಯಕ್ಷತೆಯ, ಬೇರೆ ಬೇರೆ ಪಕ್ಷಗಳ ಸದಸ್ಯರಿದ್ದ ಜಂಟಿ ಸಂಸದೀಯ ಸಮಿತಿಗೆ ಒಪ್ಪಿಸಲಾಯಿತು.

ಎರಡೂ ಮಸೂದೆಗಳನ್ನು ಹೋಲಿಸಿದರೆ ಕೊಡುಕೊಳ್ಳುವಿಕೆ ಸ್ಪಷ್ಟವಾಗುತ್ತದೆ. ಚುನಾವಣೆಯ ಹೊಣೆ ರಾಜ್ಯ ಚುನಾವಣಾ ಆಯೋಗಕ್ಕೆ ಹೋಯಿತು. ಲೆಕ್ಕ ಪರಿಶೋಧನೆಯ ಕ್ರಮವನ್ನು ರಾಜ್ಯದ ಕಾನೂನಿಗೆ ಬಿಡಲಾಯಿತು. ಗ್ರಾಮ ಮಟ್ಟದ ಅಧ್ಯಕ್ಷರ ಆಯ್ಕೆ ಹೇಗೆ, ಹಿಂದುಳಿದ ವರ್ಗಗಳಿಗೆ ಮೀಸಲಾತಿ ಎಷ್ಟು ಎಂಬುದನ್ನೂ ರಾಜ್ಯಗಳೇ ತೀರ್ಮಾನಿಸಬಹುದು. ನಾಗಾಲ್ಯಾಂಡ್, ಮೇಘಾಲಯ, ಮಿಜೋರಾಂಗಳಿಗೆ ವಿನಾಯಿತಿ ಸಿಕ್ಕಿತು. ಆದರೆ ಮೂಲ ವಿಷಯಗಳಲ್ಲಿ ರಾಜಿಯಾಗಲಿಲ್ಲ: ಐದು ವರ್ಷದ ಅವಧಿ, ವಿಸರ್ಜಿಸಿದರೆ ಆರು ತಿಂಗಳೊಳಗೆ ಚುನಾವಣೆ, ಪರಿಶಿಷ್ಟ ಜಾತಿ ಪಂಗಡಗಳಿಗೆ ಜನಸಂಖ್ಯೆಗೆ ತಕ್ಕ ಸ್ಥಾನ. ಮಹಿಳೆಯರ ಪಾಲಂತೂ ಶೇ. 30ರಿಂದ ಮೂರನೇ ಒಂದಕ್ಕೆ ಏರಿತು.

ಮತದಾನ ನಡೆದ ಸಮಯವನ್ನು ಗಮನಿಸಿ. 1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿ ಉರುಳಿತ್ತು. ದೇಶದ ಹಲವೆಡೆ ರಕ್ತ ಹರಿದಿತ್ತು. ಪಕ್ಷಗಳ ನಡುವಿನ ಕಹಿ ಮಿತಿಮೀರಿದ್ದ ಆ ದಿನಗಳಲ್ಲೇ, ಡಿಸೆಂಬರ್ 22ರಂದು ಲೋಕಸಭೆ, 23ರಂದು ರಾಜ್ಯಸಭೆ ಹೆಚ್ಚುಕಡಿಮೆ ಒಮ್ಮತದಿಂದ ಮಸೂದೆಯನ್ನು ಅಂಗೀಕರಿಸಿದವು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಅನುಮೋದಿಸಿದ ಮೇಲೆ 1993ರ ಏಪ್ರಿಲ್ 24ರಂದು ಅದು ಜಾರಿಗೆ ಬಂತು. ನಗರಾಡಳಿತಕ್ಕೆ ಸಂಬಂಧಿಸಿದ 74ನೇ ತಿದ್ದುಪಡಿಯೂ ಇದರ ಜತೆಯಲ್ಲೇ ಸಾಗಿ ಬಂದಿತ್ತು.

ಸಹಮತಕ್ಕೂ ಬೆಲೆಯಿದೆ

ಎಲ್ಲರನ್ನೂ ಒಪ್ಪಿಸಲು ಹೊರಟಾಗ ಕೆಲವನ್ನು ಸಡಿಲ ಬಿಡಬೇಕಾಗುತ್ತದೆ. ಹನ್ನೊಂದನೇ ಅನುಸೂಚಿಯಲ್ಲಿ ಕುಡಿಯುವ ನೀರು, ರಸ್ತೆ, ಮೀನುಗಾರಿಕೆ ಮೊದಲಾದ 29 ವಿಷಯಗಳ ಪಟ್ಟಿಯಿದೆ. ಆದರೆ ಅವುಗಳ ಅಧಿಕಾರವನ್ನು ಪಂಚಾಯತ್‌ಗೆ ರಾಜ್ಯಗಳು 'ಕೊಡಬಹುದು' ಎಂದಿದೆಯೇ ಹೊರತು 'ಕೊಡಲೇಬೇಕು' ಎಂದಿಲ್ಲ. ಅನುದಾನಕ್ಕಾಗಿ ಪಂಚಾಯತ್‌ಗಳು ಮೇಲಕ್ಕೆ ಕೈಚಾಚುವುದಕ್ಕೆ ಇದೂ ಒಂದು ಕಾರಣ.

ಸ್ಪಷ್ಟವಾಗಿ ಬರೆದ ಮಾತೂ ತಾನಾಗಿ ಪಾಲನೆಯಾಗುವುದಿಲ್ಲ. ಮಹಿಳೆಯರ ಮೀಸಲಾತಿಯನ್ನು ಶೇ. 50ಕ್ಕೆ ಏರಿಸಿದ ನಮ್ಮದೇ ಕರ್ನಾಟಕದಲ್ಲಿ, 2021ರಲ್ಲಿ ಅವಧಿ ಮುಗಿದ ತಾಲೂಕು ಮತ್ತು ಜಿಲ್ಲಾ ಪಂಚಾಯತ್‌ಗಳಿಗೆ ವರ್ಷಗಳು ಉರುಳಿದರೂ ಚುನಾವಣೆ ನಡೆಯಲಿಲ್ಲ. ಇದು ಒಂದೇ ಪಕ್ಷದ ಆಳ್ವಿಕೆಯಲ್ಲಿ ಆದದ್ದೂ ಅಲ್ಲ. ಕಾನೂನು ಮಾಡುವಲ್ಲಿ ಕಂಡ ಸಹಮತ ಅದನ್ನು ಮುಂದೂಡುವಲ್ಲಿಯೂ ಕಂಡದ್ದು ವಿಷಾದದ ಸಂಗತಿ.

1989ರ ಮಸೂದೆಯ ಉದ್ದೇಶ ಒಳ್ಳೆಯದೇ ಇತ್ತು, ಸಂಖ್ಯೆಯೂ ಇತ್ತು. ಎದುರಿನವರ ಭಯವನ್ನು ಕೇಳುವ ತಾಳ್ಮೆ ಇರಲಿಲ್ಲ. 1992ರಲ್ಲಿ ಸಂಖ್ಯೆ ಇಲ್ಲದಿದ್ದರೂ ಆ ಭಯಕ್ಕೆ ಮಸೂದೆಯೊಳಗೇ ಉತ್ತರ ಕೊಡಲಾಯಿತು. ಹೀಗೆ ಎಲ್ಲ ಪಕ್ಷಗಳು ಕೂಡಿ ಕೊಟ್ಟ ಹಕ್ಕನ್ನು ಕಾಯುವ ಕೆಲಸ ಈಗ ನಮ್ಮದು. ಮುಂದಿನ ಗ್ರಾಮಸಭೆಯ ದಿನಾಂಕವನ್ನು ತಿಳಿದುಕೊಳ್ಳೋಣ, ಹೋಗೋಣ, ಪ್ರಶ್ನೆ ಕೇಳೋಣ. ಪಕ್ಷ ಯಾವುದೇ ಇರಲಿ, ಮತ ಕೇಳಲು ಮನೆಗೆ ಬಂದವರಲ್ಲಿ ಇದನ್ನೂ ಕೇಳೋಣ: ನಮ್ಮ ಪಂಚಾಯತ್ ಚುನಾವಣೆಯನ್ನು ಸಮಯಕ್ಕೆ ಸರಿಯಾಗಿ ನಡೆಸುತ್ತೀರಾ?