ತೋಟದ ಯಂತ್ರ ಕೆಟ್ಟಾಗ: ದುರಸ್ತಿ ವೆಚ್ಚವೋ, ಬಂಡವಾಳ ವೆಚ್ಚವೋ?

ಕಾರ್ಮಿಕರ ಅಭಾವದಿಂದಾಗಿ ಕಳಸ, ಮೂಡಿಗೆರೆ ಭಾಗದ ಕಾಫಿ ತೋಟಗಳು ಯಂತ್ರಗಳನ್ನು ಅವಲಂಬಿಸುತ್ತಿರುವುದು ಸರ್ವವಿದಿತ. ಯಂತ್ರ ಕೆಟ್ಟಾಗ ಅದರ ಖರ್ಚನ್ನು ಲೆಕ್ಕಪುಸ್ತಕದಲ್ಲಿ ಹೇಗೆ ತೋರಿಸಬೇಕೆಂಬ ಬಗ್ಗೆ ಮಾತ್ರ ಸ್ಪಷ್ಟತೆ ಕಡಿಮೆ.

ಬ್ಯಾಟರಿಯಿಂದ ಓಡುವ ಪುಟ್ಟ ಟ್ರ್ಯಾಕ್ಟರಿಗೆ ಜೋಡಿಸುವ, ಒಣ ಎಲೆ ಊದುವ ಬ್ಲೋವರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಣದ ಮೇಲೆ ಬಿದ್ದ ಸಿಲ್ವರ್ ಓಕ್ ಎಲೆಗಳನ್ನು ಊದುವಾಗ ಕಲ್ಲೊಂದು ಒಳಸೇರಿ ಪಂಕದ ಅಲಗು ಮುರಿಯಿತೆನ್ನಿ. ಮುರಿದ ಅಲಗಿಗೆ ಬೆಸುಗೆ ಹಾಕಿಸುವುದು ಅಗ್ಗವಾಗಿ ಕಂಡರೂ ಮಿತವ್ಯಯವಲ್ಲ. ಸಮತೋಲ ತಪ್ಪಿದ ಪಂಕದ ಅದುರಾಟ ಬೇರಿಂಗನ್ನೂ ಕೆಡಿಸುತ್ತದೆ. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಪಂಕವನ್ನು ಪೂರ್ಣವಾಗಿ ಬದಲಾಯಿಸಿ, ಬೇರಿಂಗ್ ಮತ್ತು ಬೆಲ್ಟನ್ನು ಪರೀಕ್ಷಿಸುವುದೇ ಸರಿಯಾದ ಕ್ರಮ.

ಈ ವೆಚ್ಚ 12,000 ರೂ. ಎಂದುಕೊಳ್ಳೋಣ. 1961ರ ಆದಾಯ ತೆರಿಗೆ ಕಾಯಿದೆಯ 31ನೇ ಪ್ರಕರಣದಂತೆ ಇದು 'ಚಾಲ್ತಿ ದುರಸ್ತಿ'. ಇರುವ ಆಸ್ತಿಯನ್ನು ಕಾಪಾಡಲು ಮಾಡಿದ ವೆಚ್ಚವೇ ಚಾಲ್ತಿ ದುರಸ್ತಿ, ಹೊಸ ಆಸ್ತಿ ಅಥವಾ ಹೊಸ ಪ್ರಯೋಜನ ತರುವ ವೆಚ್ಚ ಅಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2007ರ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಗಿರಣಿಯ ರಿಂಗ್ ಫ್ರೇಮನ್ನು ಇಡಿಯಾಗಿ ಬದಲಾಯಿಸಿದ್ದನ್ನು ಅಲ್ಲಿ ದುರಸ್ತಿಯೆಂದು ಒಪ್ಪಲಿಲ್ಲ. ಆದ್ದರಿಂದ ಪಂಕ ಬದಲಾದರೆ ದುರಸ್ತಿ. ಬ್ಲೋವರೇ ಬದಲಾದರೆ, ಟ್ರ್ಯಾಕ್ಟರ್ ಹಳೆಯದೇ ಆಗಿದ್ದರೂ, ಬಂಡವಾಳ ವೆಚ್ಚವೆಂದು ಪರಿಗಣಿಸಿ ಶೇ. 15ರ ಸವಕಳಿ ಪಡೆಯುವುದೇ ಕ್ಷೇಮವೆಂಬುದು ನನ್ನ ಅಭಿಪ್ರಾಯ. ಖರೀದಿಸಿದ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಇದರ ಅರ್ಧ ಮಾತ್ರ. ಹಳೆಯ ಬ್ಲೋವರನ್ನು ಕೊಂಡು, ಬಳಸುವ ಮೊದಲೇ ಮಾಡಿಸಿದ ರಿಪೇರಿಯೂ ಖರೀದಿ ಬೆಲೆಗೇ ಸೇರುತ್ತದೆ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯಿದೆಯಲ್ಲಿ ಪ್ರಕರಣಗಳ ಸಂಖ್ಯೆ ಬೇರೆ. ಈ ವಿವೇಚನೆಗೆ ಅದರಿಂದ ಬಾಧೆಯಿಲ್ಲ.

ತೆರಿಗೆ ಉಳಿಯುತ್ತದೆಂಬ ಕಾರಣಕ್ಕೆ ಹೊಸದನ್ನೇ ಕೊಳ್ಳಲು ಹೊರಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ತಾನೇ ಬೆಳೆದು ಕ್ಯೂರಿಂಗ್ ಮಾಡಿಸಿ ಮಾರುವ ಬೆಳೆಗಾರನಿಗೆ 1962ರ ನಿಯಮಾವಳಿಯ 7ಬಿ ನಿಯಮದಂತೆ ಆದಾಯದ ಶೇ. 25 ಮಾತ್ರ ವ್ಯಾಪಾರದ ಆದಾಯ. ಹೀಗಾಗಿ 12,000 ರೂ. ದುರಸ್ತಿಯಿಂದ ತೆರಿಗೆಗೊಳಪಡುವ ಆದಾಯ ಇಳಿಯುವುದು 3,000 ರೂ. ಮಾತ್ರ, ಶೇ. 30ರ ದರದಲ್ಲಿಯೂ ಉಳಿತಾಯ 900 ರೂ. 60,000 ರೂ. ಕೊಟ್ಟು ಹೊಸ ಬ್ಲೋವರ್ ತಂದರೆ ಪೂರ್ಣ ವರ್ಷದ ಸವಕಳಿ 9,000 ರೂ., ಅದರ ಕಾಲುಭಾಗ 2,250 ರೂ., ತೆರಿಗೆ ಉಳಿತಾಯ 675 ರೂ.! ಮೇಲಾಗಿ ಆಸ್ತಿಯ ಪುಸ್ತಕ ಮೌಲ್ಯದಿಂದ ಪೂರ್ತಿ 9,000 ರೂ. ಕಳೆಯಲಾಗುತ್ತದೆ. ಹುರಿದು ಪುಡಿ ಮಾಡಿ ಮಾರುವವರಿಗೆ ವ್ಯಾಪಾರದ ಪಾಲು ಶೇ. 40. ಕ್ಯೂರಿಂಗ್ ಇಲ್ಲದೆ ಮಾರುವವರ ಆದಾಯ ಪೂರ್ಣ ಕೃಷಿ ಆದಾಯವಾದ್ದರಿಂದ ಈ ಉಳಿತಾಯದ ಪ್ರಶ್ನೆಯೇ ಇಲ್ಲ.

ಬಿಲ್ಲಿನ ಬಗ್ಗೆ ಒಂದು ಮಾತು. 'ಬ್ಲೋವರ್ ಬಾಬ್ತು' ಎಂದಷ್ಟೇ ಬರೆದ ಚೀಟಿಯಿಂದ ದುರಸ್ತಿಯೋ ಖರೀದಿಯೋ ತಿಳಿಯದು. ಪಂಕ, ಬೇರಿಂಗ್, ಕೂಲಿ ಎಂದು ಪ್ರತ್ಯೇಕವಾಗಿ ಬರೆಸಿಕೊಳ್ಳಿ. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆ ವೆಚ್ಚಕ್ಕೆ ಮಾನ್ಯತೆಯಿಲ್ಲ. ಮೇಲಿನ 12,000 ರೂ.ಗಳನ್ನು ಮೆಕ್ಯಾನಿಕ್ ಒಬ್ಬರಿಗೇ ಕೊಡುವುದಾದರೆ ಬ್ಯಾಂಕಿನ ಮೂಲಕವೇ ಪಾವತಿಸಿ. ಜಿಎಸ್‌ಟಿ ನೋಂದಣಿ ಇಲ್ಲದ ಬೆಳೆಗಾರರು ಬಿಲ್ಲಿನಲ್ಲಿರುವ ತೆರಿಗೆಯನ್ನೂ ವೆಚ್ಚಕ್ಕೇ ಸೇರಿಸಿಕೊಳ್ಳಬೇಕು.